ಕ್ಲೀನಿಂಗ್ ಕೆಲಸದವರ ಕೈ ಇಸುಬು: ನೀರಿನ ಲೆಕ್ಕದಿಂದ ಇಎಸ್‌ಐ ತನಕ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಆಫೀಸ್ ಕಟ್ಟಡದಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಬೆಳಗ್ಗೆ ಏಳಕ್ಕೆ ಶಿಫ್ಟ್ ಶುರು. ಬೇಸ್‌ಮೆಂಟಿನಲ್ಲಿ ಹಾಜರಿ ಮೆಷಿನ್ ಮುಂದೆ ಎಲ್ಲರೂ ಸಾಲು ನಿಲ್ಲುತ್ತಿದ್ದರು. ಒಂದು ದಿನ ನಮ್ಮ ಗುಂಪಿನ ಒಬ್ಬ ಅಕ್ಕ ಹೆಬ್ಬೆರಳು ಇಟ್ಟರು, ಕೆಂಪು ದೀಪ ಬಂತು. ಸೀರೆಗೆ ಒರೆಸಿಕೊಂಡು ಮತ್ತೆ ಇಟ್ಟರು, ಮತ್ತೆ ಕೆಂಪು. ಬೆರಳು ಬದಲಿಸಿದರು, ಕೈ ಬದಲಿಸಿದರು. ಹಿಂದೆ ನಿಂತವರು ಗೊಣಗತೊಡಗಿದರು. ನಾನು ಹೋಗಿ ಕೈ ಹಿಡಿದು ನೋಡಿದೆ. ಬೆರಳ ತುದಿ ನುಣ್ಣಗೆ ಹೊಳೆಯುತ್ತಿತ್ತು, ಗೆರೆಗಳೇ ಇರಲಿಲ್ಲ. ಬೆರಳುಗಳ ಸಂದಿಯಲ್ಲಿ ಕೆಂಪು, ಮಡಚುವ ಜಾಗದಲ್ಲೆಲ್ಲ ಬಿರುಕು. "ಮುದ್ದೆ ಕಟ್ಟೋಕೆ ಆಗ್ತಿಲ್ಲ ಮೇಡಂ, ಬಿಸಿ ತಾಗಿದ್ರೆ ಜೀವ ಹೋಗುತ್ತೆ" ಅಂದರು.

ನಾನು ಆವತ್ತು ಹೇಳಿದ್ದು ಒಂದೇ ಮಾತು: "ಕೊಬ್ಬರಿ ಎಣ್ಣೆ ಹಚ್ಕೊಳ್ಳಿ." ಹಾಜರಿ ಪುಸ್ತಕದಲ್ಲಿ ಕೈಯಿಂದ ಬರೆದು, ಅದೇ ಟಾಯ್ಲೆಟ್ ಫ್ಲೋರಿಗೆ ಕಳಿಸಿದೆ. ಅದು ನನ್ನ ತಪ್ಪು. ಅವರ ಕೈಗೆ ಬೇಕಾಗಿದ್ದದ್ದು ಎಣ್ಣೆಗಿಂತ ಮೊದಲು ನೀರಿನಿಂದ ಬಿಡುವು. ಆಮೇಲೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆಫೀಸು, ಆಸ್ಪತ್ರೆ, ಹೋಟೆಲ್‌ನಲ್ಲಿ ಕ್ಲೀನಿಂಗ್ ಮಾಡುವವರಿಗೆ, ನಾಲ್ಕೈದು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುವವರಿಗೆ, ಅವರಿಗೆ ಕೆಲಸ ಹಂಚುವವರಿಗೆ ಇದು ಬೇಕಾಗುತ್ತದೆ.

ಮೊದಲು, ಕೈಗೆ ಆಗುತ್ತಿರುವುದೇನು

ನಮ್ಮ ಚರ್ಮದ ಮೇಲ್ಪದರ ಕಾಗದಕ್ಕಿಂತ ತೆಳು. ಅದರ ಜೀವಕಣಗಳ ನಡುವೆ ಒಂದು ಬಗೆಯ ಜಿಡ್ಡು ಇರುತ್ತದೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕೆಮಿಕಲ್ ಒಳಗೆ ಬರದಂತೆ ಕಾಯುವುದು ಆ ಜಿಡ್ಡೇ. ಸೋಪಿನ ಕೆಲಸ ಏನು? ಜಿಡ್ಡು ತೆಗೆಯುವುದು. ಪಾತ್ರೆಯ ಜಿಡ್ಡು ಯಾವುದು, ಕೈಯ ಜಿಡ್ಡು ಯಾವುದು ಅಂತ ಸೋಪಿಗೆ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆಯುತ್ತದೆ.

ಇನ್ನೊಂದು ವಿಷಯ. ಚರ್ಮ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5. ಬಟ್ಟೆ ಸೋಪು, ಬಾರ್ ಸೋಪು 9-10ರ ಆಸುಪಾಸು. ಬ್ಲೀಚ್ 11ಕ್ಕಿಂತ ಮೇಲೆ. ಟಾಯ್ಲೆಟ್ ಬೌಲಿಗೆ ಹಾಕುವ ಆಸಿಡ್ ಅದರ ಉಲ್ಟಾ ತುದಿ. ಒಂದೇ ಶಿಫ್ಟಿನಲ್ಲಿ ಕೈ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತದೆ.

ಆದರೆ ಬರೀ ಕೆಮಿಕಲ್ ಮೇಲೆ ತಪ್ಪು ಹೊರಿಸಬೇಡಿ. ಬರೀ ನೀರೂ ಸಾಕು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಮತ್ತೆ ಒಣಗುವುದು. ಇದು ದಿನಕ್ಕೆ ಮೂವತ್ತು ಸಲ ಆದರೆ ಚರ್ಮಕ್ಕೆ ತನ್ನನ್ನು ರಿಪೇರಿ ಮಾಡಿಕೊಳ್ಳಲು ಹೊತ್ತೇ ಸಿಗುವುದಿಲ್ಲ. "ನಾನು ಆಸಿಡ್ ಮುಟ್ಟೋದೇ ಇಲ್ಲ, ಬರೀ ನೆಲ ಒರೆಸ್ತೀನಿ, ಆದರೂ ಯಾಕೆ ಬಂತು?" ಅಂತ ಕೇಳುವವರಿಗೆ ಉತ್ತರ ಇದೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈ ಇಸುಬು ಅಂಟುರೋಗ ಅಲ್ಲ. ಮುಟ್ಟಿದರೆ ಬರುವುದಿಲ್ಲ, ಅವರು ತೊಳೆದ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಕೊಳಕಿನಿಂದ ಬರುವುದೂ ಅಲ್ಲ. ಜಾಸ್ತಿ ತೊಳೆದು ತೊಳೆದು ಬರುವಂಥದ್ದು. ಕೈ ನೋಡಿ ಮುಖ ಸಿಂಡರಿಸುವ ಮನೆಯವರಿಗೆ, ಪ್ಯಾಂಟ್ರಿಯಿಂದ ಹೊರಗಿಡುವ ಆಫೀಸಿನವರಿಗೆ ಇದನ್ನು ಧೈರ್ಯವಾಗಿ ಹೇಳಿ.

ಹಂತ 1: ಕೈಯನ್ನು ಬೆಳಕಿನಲ್ಲಿ ನೋಡಿ

ವಾರಕ್ಕೊಮ್ಮೆ, ರಜಾದಿನ ಆದರೆ ಒಳ್ಳೆಯದು, ಕಿಟಕಿ ಹತ್ತಿರ ಕೂತು ಎರಡೂ ಕೈ ನೋಡಿಕೊಳ್ಳಿ. ಮೊದಲು ಬೆರಳುಗಳ ಸಂದಿ ನೋಡಿ. ಇಸುಬು ಹೆಚ್ಚಾಗಿ ಅಲ್ಲೇ ಶುರುವಾಗುತ್ತದೆ, ಯಾಕೆಂದರೆ ನೊರೆ ಉಳಿಯುವುದು ಅಲ್ಲಿ, ಒರೆಸುವುದು ಮರೆಯುವುದೂ ಅಲ್ಲೇ. ಆಮೇಲೆ ಉಂಗುರದ ಕೆಳಗೆ. ಆಮೇಲೆ ಕೈಯ ಹಿಂಭಾಗ, ಬೆರಳ ಗಿಣ್ಣು, ಕೊನೆಗೆ ತುದಿ.

ಶುರುವಿನಲ್ಲಿ ಚರ್ಮ ಒಣಗಿ, ಬಿಗಿದ ಹಾಗೆ ಅನಿಸುತ್ತದೆ. ಸಾಬೂನು ತಾಗಿದರೆ ಸಣ್ಣಗೆ ಉರಿ. ಇಷ್ಟಕ್ಕೇ ಎಚ್ಚೆತ್ತುಕೊಂಡರೆ ಎರಡು ಮೂರು ವಾರದಲ್ಲಿ ಹತೋಟಿಗೆ ತರಬಹುದು. ಬಿಟ್ಟರೆ ಕೆಂಪಾಗಿ, ತುರಿಕೆ ಬಂದು, ಸಿಪ್ಪೆ ಏಳುತ್ತದೆ. ಆಮೇಲೆ ಬಿರುಕು, ರಕ್ತ. ಕೆಲವರಿಗೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಬೆರಳ ಪಕ್ಕದಲ್ಲಿ ಏಳುತ್ತವೆ. ತಿಂಗಳುಗಟ್ಟಲೆ ಹಾಗೇ ಉಳಿದರೆ ಚರ್ಮ ದಪ್ಪವಾಗಿ, ಬೆರಳು ಪೂರ್ತಿ ಮಡಚಲಿಕ್ಕೂ ಆಗುವುದಿಲ್ಲ.

ಎಲ್ಲ ತುರಿಕೆಯೂ ಇಸುಬಲ್ಲ. ಈ ನಾಲ್ಕನ್ನು ಬೇರೆ ಮಾಡಿ ನೋಡಬೇಕು:

- ಒಂದೇ ಕೈಯಲ್ಲಿ ಪುಡಿಪುಡಿ ಸಿಪ್ಪೆ, ಜೊತೆಗೆ ಪಾದದಲ್ಲೂ ಅದೇ ಇದ್ದರೆ ಅದು ಫಂಗಸ್, ಅಂದರೆ ಹುಳುಕಡ್ಡಿ ಜಾತಿಯದು ಇರಬಹುದು.
- ರಾತ್ರಿ ಜಾಸ್ತಿ ತುರಿಕೆ, ಮನೆಯಲ್ಲಿ ಮಕ್ಕಳಿಗೂ ತುರಿಕೆ ಇದ್ದರೆ ಕಜ್ಜಿ ಇರಬಹುದು. ಇದು ಅಂಟುತ್ತದೆ, ಮನೆಮಂದಿಗೆಲ್ಲ ಒಟ್ಟಿಗೆ ಮದ್ದು ಬೇಕು.
- ಉಗುರಿನ ಬುಡ ಊದಿ ನೋವು ಇದ್ದರೆ ಉಗುರುಸುತ್ತು. ನೀರಿನ ಕೆಲಸದವರಿಗೆ ಇಸುಬಿನ ಜೊತೆಜೊತೆಗೇ ಬರುತ್ತದೆ.
- ಮೊಣಕೈ, ಮೊಣಕಾಲು, ತಲೆಯಲ್ಲೂ ದಪ್ಪ ಸಿಪ್ಪೆ ಇದ್ದರೆ ಸೋರಿಯಾಸಿಸ್ ಇದೆಯಾ ಅಂತ ಡಾಕ್ಟರ್ ನೋಡಬೇಕು.

ಚಿಕ್ಕವರಿದ್ದಾಗ ಮೊಣಕೈ ಮಡಿಕೆಯಲ್ಲಿ ಇಸುಬು ಇದ್ದವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅವರ ಚರ್ಮದ ಕಾವಲು ಹುಟ್ಟಿನಿಂದಲೇ ಸ್ವಲ್ಪ ಸಡಿಲ.

ಹಂತ 2: ಒಂದು ದಿನದ ನೀರಿನ ಲೆಕ್ಕ ಬರೆಯಿರಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಕ್ರೀಮು ಯಾವುದು ಅಂತ ಕೇಳುವ ಮೊದಲು ಇದನ್ನು ಮಾಡಿ.

ಚರ್ಮದ ಡಾಕ್ಟರುಗಳು ಬಳಸುವ ಒಂದು ಅಳತೆ ಇದೆ. ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆಯಾಗಿದ್ದರೆ, ಅಥವಾ 20 ಸಲಕ್ಕಿಂತ ಜಾಸ್ತಿ ಕೈ ತೊಳೆದರೆ, ಅದು ಕೈಗೆ ಅಪಾಯದ ಕೆಲಸ. ಗಾಳಿ ಆಡದ ಗ್ಲೌಸಿನೊಳಗೆ ಬೆವರಿದ ಹೊತ್ತೂ ಒದ್ದೆ ಹೊತ್ತೇ, ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಮೇಲೆ ಹೇಳಿದ ಅಕ್ಕನ ಲೆಕ್ಕವನ್ನು ನಾವಿಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದಿದ್ದೆವು. ಬೆಳಗ್ಗೆ ಐದಕ್ಕೆ ಮನೆಯ ಪಾತ್ರೆ, 20 ನಿಮಿಷ. ಬಟ್ಟೆ, ಅರ್ಧ ಗಂಟೆ. ಆಫೀಸಿನಲ್ಲಿ ನಾಲ್ಕು ಟಾಯ್ಲೆಟ್, ದಿನಕ್ಕೆ ಮೂರು ರೌಂಡು, ಒಟ್ಟು ಒಂದೂಮುಕ್ಕಾಲು ಗಂಟೆ. ಮಾಪ್ ಬಟ್ಟೆಯನ್ನು ಬಕೆಟಿನಲ್ಲಿ ಅದ್ದಿ ಕೈಯಿಂದ ಹಿಂಡುವುದು, ಮುಕ್ಕಾಲು ಗಂಟೆ. ಪ್ಯಾಂಟ್ರಿಯ ಕಪ್ಪು, 25 ನಿಮಿಷ. ಸಂಜೆ ಮತ್ತೆ ಮನೆ ಪಾತ್ರೆ, ಅಡುಗೆ. ಕೂಡಿಸಿದರೆ ನಾಲ್ಕು ಗಂಟೆ ದಾಟಿತು. ಕೈ ತೊಳೆದದ್ದು 26 ಸಲ. ಹಾಳೆ ನೋಡಿ ಅವರು ಸುಮ್ಮನಾದರು. ಆಮೇಲೆ "ಮಾಪ್ ಹಿಂಡೋದೇ ಮುಕ್ಕಾಲು ಗಂಟೆನಾ?" ಅಂದರು.

ಆ ಪ್ರಶ್ನೆಯೇ ದಾರಿ ತೋರಿಸಿತು. ಎಲ್ಲವನ್ನೂ ಬಿಡಲು ಆಗುವುದಿಲ್ಲ, ಹೊಟ್ಟೆಪಾಡು. ಆದರೆ ಲೆಕ್ಕದಲ್ಲಿ ಯಾವ ತುಂಡು ತೆಗೆದುಹಾಕಬಹುದು ಅಂತ ಬರೆದಾಗ ಮಾತ್ರ ಕಾಣುತ್ತದೆ. ನೀವೂ ಒಂದು ದಿನ ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳ ಹತ್ತಿರ ಬರೆಸಿ, ಅಥವಾ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಮನೆಯ ಕೆಲಸವನ್ನು ಬಿಡಬೇಡಿ. ಚರ್ಮಕ್ಕೆ ಆಫೀಸಿನ ನೀರು, ಮನೆಯ ನೀರು ಅಂತ ಭೇದ ಇಲ್ಲ.

ಹಂತ 3: ನೀರು ಕಡಿಮೆ, ಕೆಮಿಕಲ್ ಕಡಿಮೆ

ಮೊದಲು ಹಿಂಡುವ ಕೆಲಸ. ಹಿಂಡುವ ಯಂತ್ರ ಇರುವ ಬಕೆಟ್, ಉದ್ದ ಹಿಡಿಯ ಮಾಪ್, ಉದ್ದ ಹಿಡಿಯ ಬ್ರಷ್, ವೈಪರ್. ಇವಿಷ್ಟು ಇದ್ದರೆ ನೆಲದ ಕೆಲಸದಲ್ಲಿ ಕೈ ನೀರಿಗೆ ಇಳಿಯುವ ಅಗತ್ಯವೇ ಬಹುಮಟ್ಟಿಗೆ ಇರುವುದಿಲ್ಲ. ಬಟ್ಟೆಯಿಂದ ಬಗ್ಗಿ ಒರೆಸಿದರೇ ಚೆನ್ನಾಗಿ ಹೋಗುತ್ತದೆ ಅಂತ ಹೇಳುವ ಮನೆಯವರು ಇದ್ದಾರೆ. ಒಳ್ಳೆಯ ಮಾಪ್ ಇದ್ದರೆ ನೆಲ ಅಷ್ಟೇ ಸ್ವಚ್ಛ ಆಗುತ್ತದೆ, ಸೊಂಟವೂ ಉಳಿಯುತ್ತದೆ.

ಎರಡನೆಯದು ಅಳತೆ. ಸೋಪಾಯಿಲ್, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಇವನ್ನೆಲ್ಲ ನಮ್ಮಲ್ಲಿ ಕಣ್ಣಳತೆಯಲ್ಲೇ ಸುರಿಯುತ್ತಾರೆ. ವಾಸನೆ ಗಮ್ಮಂತ ಬಂದರೆ ಮಾತ್ರ ಕ್ಲೀನ್ ಆಯ್ತು ಅನ್ನುವ ನಂಬಿಕೆ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ. ನೆಲದ ಮೇಲೆ ಅಂಟು ಉಳಿದು ಬೇಗ ಕೊಳೆಯಾಗುತ್ತದೆ, ಕೈ ಸುಡುವುದೊಂದು ಬೇರೆ. ಡಬ್ಬಿಯ ಮೇಲೆ ಇಷ್ಟು ಲೀಟರ್ ನೀರಿಗೆ ಇಷ್ಟು ಮಿಲಿ ಅಂತ ಬರೆದಿರುತ್ತದೆ. ಹಳೆಯ ಮುಚ್ಚಳಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು ಅದನ್ನೇ ಅಳತೆ ಮಾಡಿಕೊಳ್ಳಿ. ಬಕೆಟಿಗೆ ಮೊದಲು ನೀರು, ಆಮೇಲೆ ಕೆಮಿಕಲ್. ಉಲ್ಟಾ ಮಾಡಿದರೆ ಸಿಡಿಯುತ್ತದೆ.

ಕೈ ಹಾಕಿ ಕಲಸಬೇಡಿ. ಒಂದು ಕೋಲು ಇಡಿ. ಬ್ಲೀಚಿಂಗ್ ಪೌಡರ್ ಬರಿಗೈಯಲ್ಲಿ ಎರಚುವುದಂತೂ ಬೇಡವೇ ಬೇಡ. ಅಂಗಳ, ಚರಂಡಿ ಹತ್ತಿರ ಈಗಲೂ ಇದು ನಡೆಯುತ್ತಿದೆ. ಬೆವರಿದ ಕೈಗೆ ಆ ಪುಡಿ ಬಿದ್ದರೆ ಅದು ನೇರ ಸುಡುವ ವಸ್ತು.

ಆಫೀಸುಗಳಲ್ಲಿ ನಂಬರ್ ಹಾಕಿದ ಕ್ಯಾನುಗಳು ಬರುತ್ತವಲ್ವಾ, ಅವುಗಳಲ್ಲಿ ಟಾಯ್ಲೆಟ್ ಬೌಲಿಗೆ ಹಾಕುವ ಆರ್-6 ಆಸಿಡ್ ಜಾತಿಯದು. ಅದನ್ನು ಬ್ಲೀಚ್ ಜೊತೆ ಎಂದೂ ಸೇರಿಸಬಾರದು. ಯಾವ ಆಸಿಡ್ ಆದರೂ ಅಷ್ಟೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಟಾಯ್ಲೆಟ್‌ನಲ್ಲಿ ಜೀವಕ್ಕೇ ಅಪಾಯ. ಇದು ಕೈಯ ವಿಷಯ ಅಲ್ಲದಿದ್ದರೂ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಮನೆಗಳಲ್ಲಿ ಪಾತ್ರೆ ತೊಳೆಯುವವರು ಸ್ಟೀಲ್ ನಾರನ್ನು ಬರಿಗೈಯಲ್ಲಿ ಹಿಡಿಯುತ್ತಾರೆ. ಅದು ಕಣ್ಣಿಗೆ ಕಾಣದ ಗೀರು ಹಾಕುತ್ತದೆ, ಗೀರಿನೊಳಗೆ ಸೋಪು ಇಳಿಯುತ್ತದೆ. ಸುಟ್ಟ ತಳಕ್ಕೆ ಮಾತ್ರ ಅದು ಇರಲಿ, ಉಳಿದದ್ದಕ್ಕೆ ಸ್ಪಂಜು. ಪಾತ್ರೆಯನ್ನು ಮೊದಲೇ ನೀರಿನಲ್ಲಿ ನೆನೆಸಿಡಲು ಮನೆಯವರಿಗೆ ಹೇಳಿ. ಅವರಿಗೆ ಒಂದು ನಿಮಿಷದ ಕೆಲಸ, ನಿಮಗೆ ಹತ್ತು ನಿಮಿಷದ ಉಜ್ಜಾಟ ಉಳಿಯುತ್ತದೆ.

ಕೆಲಸದ ಸರದಿಯನ್ನೂ ಬದಲಿಸಬಹುದು. ಒದ್ದೆ ಕೆಲಸವನ್ನೆಲ್ಲ ಒಂದೇ ಸಮನೆ ಮಾಡಬೇಡಿ, ನಡುವೆ ಡಸ್ಟಿಂಗ್, ಕಸ ಎತ್ತುವುದು, ಟೇಬಲ್ ಜೋಡಿಸುವುದು ಹೀಗೆ ಒಣ ಕೆಲಸ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕೈಗೆ ನೀರಿನಿಂದಲೂ ಗ್ಲೌಸಿನಿಂದಲೂ ಬಿಡುವು ಸಿಗುತ್ತದೆ.

ಹಂತ 4: ಗ್ಲೌಸು, ಸರಿಯಾಗಿ ಹಾಕಿದರೆ ಮಾತ್ರ

"ಗ್ಲೌಸ್ ಹಾಕ್ಕೊಂಡ್ರೆ ಇನ್ನೂ ಜಾಸ್ತಿ ಆಗುತ್ತೆ" ಅಂತ ತುಂಬ ಜನ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ತೂತು ಗ್ಲೌಸಿನೊಳಗೆ ಸೋಪು ನೀರು ಹೋಗಿ ನಿಂತರೆ, ಬರಿಗೈಗಿಂತ ಅದೇ ಕೆಟ್ಟದ್ದು. ಒದ್ದೆ ಕೈಗೆ ಗ್ಲೌಸ್ ಹಾಕಿದರೂ ಅಷ್ಟೇ, ಗಂಟೆಗಟ್ಟಲೆ ಬೆವರಿನಲ್ಲಿ ಕೈ ನೆನೆದರೂ ಅಷ್ಟೇ. ಹಾಗಾಗಿ ಗ್ಲೌಸಿಗೆ ಕೆಲವು ನಿಯಮ ಇವೆ.

ಕೈ ಒಣಗಿರಬೇಕು, ಗ್ಲೌಸಿನ ಒಳಗೂ ಒಣಗಿರಬೇಕು. ಹಾಕುವ ಮುಂಚೆ ಗ್ಲೌಸಿಗೆ ಗಾಳಿ ತುಂಬಿ, ಬಾಯಿ ತಿರುಚಿ, ಕೆನ್ನೆ ಹತ್ತಿರ ಹಿಡಿದು ಹಿಸುಕಿ. ತೂತು ಇದ್ದರೆ ಗಾಳಿ ಕೆನ್ನೆಗೆ ತಾಗುತ್ತದೆ. ಇದು ಹತ್ತು ಸೆಕೆಂಡಿನ ಕೆಲಸ.

ಹತ್ತು ನಿಮಿಷಕ್ಕಿಂತ ಜಾಸ್ತಿ ಹಾಕಿಕೊಳ್ಳುವುದಾದರೆ ಒಳಗೆ ತೆಳುವಾದ ಹತ್ತಿ ಗ್ಲೌಸ್ ಹಾಕಿ. ಬೆವರು ಅದಕ್ಕೆ ಹೋಗುತ್ತದೆ. ಎರಡು ಮೂರು ಜೊತೆ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಿಸಿ. ಮನೆಗೆ ಒಯ್ದು ಒಗೆದು, ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿ ಒಣಗಿಸಿ.

ಒಣ ಕೆಲಸಕ್ಕೆ ಗ್ಲೌಸ್ ಬೇಡ. ಕಾಗದ ಎತ್ತಲು, ಕುರ್ಚಿ ಸರಿಸಲು ಯಾಕೆ ಬೆವರಬೇಕು? ಬೇಕಾದಾಗ ಹಾಕಿ, ಮುಗಿದ ತಕ್ಷಣ ತೆಗೆಯಿರಿ.

ಕೈ ಮೇಲೆತ್ತಿ ಗೋಡೆಯ ಟೈಲ್ಸ್, ಕನ್ನಡಿ ತೊಳೆಯುವಾಗ ನೀರು ತೋಳಿನಿಂದ ಇಳಿದು ಗ್ಲೌಸಿನೊಳಗೆ ಸೇರುತ್ತದೆ. ಗ್ಲೌಸಿನ ಬಾಯಿಯನ್ನು ಎರಡು ಇಂಚು ಹೊರಗೆ ಮಡಚಿ. ಇಳಿದ ನೀರು ಆ ಮಡಿಕೆಯಲ್ಲೇ ನಿಲ್ಲುತ್ತದೆ.

ಉಂಗುರ ತೆಗೆದಿಡಿ. ಅದರ ಕೆಳಗೆ ಸೋಪು ಉಳಿದು ಮೊದಲ ಗಾಯ ಅಲ್ಲೇ ಆಗುತ್ತದೆ. ಬಳೆಯ ವಿಷಯ ನನಗೆ ಗೊತ್ತು. ಗಾಜಿನ ಬಳೆ ತೆಗೆಯುವುದಕ್ಕೆ ಎಷ್ಟೋ ಹೆಂಗಸರಿಗೆ ಮನಸ್ಸು ಒಪ್ಪುವುದಿಲ್ಲ, ಒತ್ತಾಯ ಮಾಡುವುದೂ ತಪ್ಪು. ಬಳೆಯನ್ನು ಮೇಲಕ್ಕೆ ಸರಿಸಿ, ಮಣಿಕಟ್ಟಿಗಿಂತ ಉದ್ದ ಬರುವ ಗ್ಲೌಸನ್ನು ಬಳೆಯ ಕೆಳಗೆ ಸೇರಿಸಿ ಹಾಕಬಹುದು. ಬಳೆಯ ಮೇಲೆ ಗ್ಲೌಸ್ ಎಳೆದರೆ ಹರಿಯುತ್ತದೆ.

ಯಾವ ಗ್ಲೌಸು? ನೀಲಿ ಬಣ್ಣದ ತೆಳು ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಒಮ್ಮೆ ಬಳಸಿ ಎಸೆಯುವಂಥದ್ದು, ಅದನ್ನು ತೊಳೆದು ಮತ್ತೆ ಹಾಕಬೇಡಿ. ಆಸಿಡ್, ಬ್ಲೀಚ್ ಕೆಲಸಕ್ಕೆ ದಪ್ಪ, ಉದ್ದ ತೋಳಿನ ನೈಟ್ರೈಲ್ ಒಳ್ಳೆಯದು. ಪುಡಿ ಹಾಕಿದ ಲೇಟೆಕ್ಸ್, ಅಂದರೆ ಮರದ ಹಾಲಿನಿಂದ ಮಾಡಿದ ರಬ್ಬರಿನ ಗ್ಲೌಸ್ ಬೇಡ, ಅಮೆರಿಕದಲ್ಲಿ ಪುಡಿ ಇರುವ ವೈದ್ಯಕೀಯ ಗ್ಲೌಸುಗಳನ್ನು 2017ರಿಂದ ನಿಷೇಧವೇ ಮಾಡಿದ್ದಾರೆ. ಟಾಯ್ಲೆಟ್‌ಗೆ ಒಂದು ಬಣ್ಣ, ಪ್ಯಾಂಟ್ರಿಗೆ ಇನ್ನೊಂದು ಬಣ್ಣ ಇಟ್ಟುಕೊಂಡರೆ ಅದಲುಬದಲು ಆಗುವುದಿಲ್ಲ. ಶಿಫ್ಟ್ ಮುಗಿದ ಮೇಲೆ ದಪ್ಪ ಗ್ಲೌಸಿನ ಹೊರಗಡೆ ತೊಳೆದು, ಒಳಗಿನದು ಹೊರಗೆ ಮಾಡಿ, ನೆರಳಿನಲ್ಲಿ ನೇತುಹಾಕಿ.

ಹಂತ 5: ತೊಳೆಯುವುದು, ಒರೆಸುವುದು, ಹಚ್ಚುವುದು

ಬಿಸಿನೀರು ಬೇಡ. ಬಿರುಕು ಬಿಟ್ಟ ಕೈಗೆ ಬಿಸಿನೀರು ಹಾಯಾಗಿ ಇರುತ್ತದೆ, ತುರಿಕೆ ಒಂದು ಗಳಿಗೆ ನಿಲ್ಲುತ್ತದೆ, ನಿಜ. ಆದರೆ ಉಳಿದಿದ್ದ ಜಿಡ್ಡನ್ನೂ ಅದು ಕರಗಿಸಿ ಒಯ್ಯುತ್ತದೆ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಕೈ ತೊಳೆಯಲು ಬಟ್ಟೆ ಸೋಪು, ಪಾತ್ರೆ ಲಿಕ್ವಿಡ್, ನಂಜುನಾಶಕ ದ್ರಾವಣ ಬಳಸಬೇಡಿ. ವಾಸನೆ ಇಲ್ಲದ, ಮೆದುವಾದ ಸಾಬೂನು ಸ್ವಲ್ಪ ಸಾಕು. ಬೆರಳ ಸಂದಿಯ ನೊರೆ ಪೂರ್ತಿ ಹೋಗಲಿ. ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ಒರೆಸುವ ಬಟ್ಟೆ ನಿಮ್ಮದೇ ಇರಲಿ, ಡಸ್ಟಿಂಗ್ ಬಟ್ಟೆಗೆ ಕೈ ಒರೆಸಬೇಡಿ.

ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಾಗ, ಸೋಪು ನೀರಿಗಿಂತ ಸ್ಯಾನಿಟೈಸರ್ ಚರ್ಮಕ್ಕೆ ಸೌಮ್ಯ. ಕೇಳಿದರೆ ಆಶ್ಚರ್ಯ ಆಗುತ್ತದೆ, ಯಾಕೆಂದರೆ ಬಿರುಕಿಗೆ ಬಿದ್ದರೆ ಅದು ಉರಿಯುತ್ತದೆ. ಉರಿ ಬಿರುಕಿನದ್ದು. ಚರ್ಮ ಸರಿಯಿದ್ದವರು ಧಾರಾಳವಾಗಿ ಬಳಸಬಹುದು. ಒಡೆದ ಕೈಯವರು ವಾಸಿಯಾಗುವ ತನಕ ಬಿಡಿ.

ಈಗ ಹಚ್ಚುವುದು. ದುಬಾರಿ ಕ್ರೀಮು ಬೇಕಿಲ್ಲ. ವಾಸನೆ ಹಾಕದ ಬಿಳಿ ಪೆಟ್ರೋಲಿಯಂ ಜೆಲ್ಲಿ ಮೆಡಿಕಲ್ ಶಾಪಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಬೇರೆ ಏನೂ ಇಲ್ಲದಿದ್ದರೂ ಅದೊಂದು ಇರಲಿ. ಅದರಲ್ಲಿ ಸುವಾಸನೆ ಇಲ್ಲ, ಕೆಡದಂತೆ ಹಾಕುವ ರಾಸಾಯನಿಕ ಇಲ್ಲ, ಅಲರ್ಜಿ ಆಗುವುದು ತೀರಾ ಅಪರೂಪ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಆದರೆ ಅದು ತೆಳು, ಬೇಗ ಹೋಗುತ್ತದೆ, ಪದೇ ಪದೇ ಹಚ್ಚಬೇಕು. ಮಲ್ಲಿಗೆ ವಾಸನೆಯ ಎಣ್ಣೆ ಬೇಡ. ಸಾಸಿವೆ ಎಣ್ಣೆ ಬೇಡ, ಉರಿಸುತ್ತದೆ.

ಯಾವಾಗ ಹಚ್ಚಬೇಕು ಅನ್ನುವುದು ಯಾವುದು ಹಚ್ಚಬೇಕು ಅನ್ನುವುದಕ್ಕಿಂತ ಮುಖ್ಯ. ಕೆಲಸ ಶುರುಮಾಡುವ ಮುನ್ನ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಶಿಫ್ಟ್ ಮುಗಿದ ಮೇಲೆ ಒಮ್ಮೆ, ಮಲಗುವಾಗ ದಪ್ಪಗೆ ಒಮ್ಮೆ. ಕೈ ತೊಳೆದು ಒರೆಸಿದ ಕೂಡಲೇ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಹಚ್ಚಿ. ಲೇಟೆಕ್ಸ್ ಗ್ಲೌಸಿನೊಳಗೆ ಮಾತ್ರ ಜೆಲ್ಲಿ, ಎಣ್ಣೆ ಬೇಡ. ಜಿಡ್ಡಿಗೆ ಆ ರಬ್ಬರ್ ಬೇಗ ಹಾಳಾಗುತ್ತದೆ. ರಾತ್ರಿ ಹಚ್ಚಿದ ಮೇಲೆ ಹತ್ತಿ ಗ್ಲೌಸ್ ಹಾಕಿ ಮಲಗಿ. ಅದಿಲ್ಲದಿದ್ದರೆ ಹಳೆಯ ಹತ್ತಿ ಬನಿಯನ್ ಕತ್ತರಿಸಿ ಬೆರಳಿಗೆ ಸುತ್ತಿಕೊಂಡರೂ ಆಯಿತು. ಬಿರುಕು ಬಿಟ್ಟ ಹಿಮ್ಮಡಿಗೆ ಮಾಡುತ್ತೀರಲ್ವಾ, ಹಾಗೇ.

ಸುಣ್ಣ-ಅರಿಶಿನ, ನಿಂಬೆಹುಳಿ, ಸೀಮೆಎಣ್ಣೆ, ಬೆಳ್ಳುಳ್ಳಿ ರಸ, ಬೇವಿನ ಸೊಪ್ಪು ಅರೆದು ಕಟ್ಟುವುದು, ಇವೆಲ್ಲ ಪ್ರೀತಿಯಿಂದಲೇ ಯಾರೋ ಹೇಳಿರುತ್ತಾರೆ. ಒಡೆದ ಚರ್ಮದ ಮೇಲೆ ಬೇಡ. ಬೆಳ್ಳುಳ್ಳಿಯಂತೂ ತಾನೇ ಬೆರಳ ತುದಿಗೆ ಇಸುಬು ತರುತ್ತದೆ. ದಿನಾ ಸುಲಿಯುವವರ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ನೋಡಿದರೆ ಗೊತ್ತಾಗುತ್ತದೆ.

ಹಂತ 6: ಡಾಕ್ಟರ ಹತ್ತಿರ ಯಾವಾಗ, ಏನು ಕೇಳಬೇಕು

ಮೂರು ವಾರ ಮೇಲಿನದ್ದೆಲ್ಲ ಮಾಡಿಯೂ ಕಡಿಮೆ ಆಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಕೀವು, ಹಳದಿ ಹಕ್ಕಳೆ, ಕೈ ಊದಿ ಬಿಸಿಯಾಗುವುದು, ಜ್ವರ, ತೋಳಿನ ಮೇಲೆ ಕೆಂಪು ಗೆರೆ ಹತ್ತುವುದು ಕಂಡರೆ ಅದೇ ದಿನ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಿವೆ. ಬೇರೆ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ.

ಹೋಗುವಾಗ ನೀರಿನ ಲೆಕ್ಕದ ಹಾಳೆ ತೆಗೆದುಕೊಂಡು ಹೋಗಿ. ನೀವು ಬಳಸುವ ಎಲ್ಲ ಕ್ಯಾನುಗಳ ಲೇಬಲ್ಲಿನ ಫೋಟೋ, ಗ್ಲೌಸ್ ಪೊಟ್ಟಣದ ಫೋಟೋ ಮೊಬೈಲಿನಲ್ಲಿ ಇರಲಿ. "ಕೈ ತುರಿಸುತ್ತೆ" ಅಂತ ಮಾತ್ರ ಹೇಳಿದರೆ ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸಬಹುದು. ಕೆಲಸ ಏನು, ರಜೆಯಲ್ಲಿ ಕಡಿಮೆ ಆಗುತ್ತದಾ, ಕೆಲಸಕ್ಕೆ ಬಂದ ಮೇಲೆ ಮತ್ತೆ ಏಳುತ್ತದಾ ಅಂತ ಹೇಳಿ. ಈ ಒಂದು ಸುಳಿವು ಡಾಕ್ಟರಿಗೆ ತುಂಬ ಬೆಲೆಯದ್ದು.

ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬ್ ತರುವ ಅಭ್ಯಾಸ ನಮ್ಮಲ್ಲಿ ತುಂಬ. ಅವರು ಕೊಡುವುದು ಹೆಚ್ಚಾಗಿ ಸ್ಟೀರಾಯ್ಡ್, ಫಂಗಸ್ ಮದ್ದು, ಆಂಟಿಬಯಾಟಿಕ್ ಎಲ್ಲ ಬೆರೆಸಿದ ಕ್ರೀಮು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಮರಳಿ ಬರುತ್ತದೆ. ಫಂಗಸ್ ಇದ್ದವರಿಗೆ ಸ್ಟೀರಾಯ್ಡ್ ಹಚ್ಚಿದರೆ ಅದು ಒಳಗೊಳಗೇ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಹಾಗಂತ ಡಾಕ್ಟರ್ ಬರೆದ ಸ್ಟೀರಾಯ್ಡಿಗೆ ಹೆದರಬೇಡಿ. ಸರಿಯಾದ ಬಲದ್ದನ್ನು, ಸರಿಯಾದ ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ಅಳತೆ ಹೀಗೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ. ಅದು ಸುಮಾರು ಅರ್ಧ ಗ್ರಾಂ. ಒಂದು ಕೈಯ ಒಳಗೂ ಹೊರಗೂ ಸೇರಿ ಅಷ್ಟು ಸಾಕು. ಎಷ್ಟು ದಿನ, ಆಮೇಲೆ ಹೇಗೆ ಕಡಿಮೆ ಮಾಡಬೇಕು ಅಂತ ಕೇಳಿ ಬರೆಸಿಕೊಳ್ಳಿ.

ಹಂತ 7: ಅಲರ್ಜಿ ಇದೆಯಾ ಅಂತ ನೋಡುವುದು

ಹೆಚ್ಚಿನವರ ಕೈ ಇಸುಬು ನೀರು, ಸೋಪು ಉರಿಸಿದ್ದರಿಂದ ಬಂದದ್ದು. ಕೆಲವರಿಗೆ ಮಾತ್ರ ಒಂದು ವಸ್ತುವಿಗೆ ಅಲರ್ಜಿ ಇರುತ್ತದೆ. ಆಗ ಆ ವಸ್ತು ಚೂರು ತಾಗಿದರೂ ಏಳುತ್ತದೆ. ಗ್ಲೌಸ್ ಹಾಕುವ ಜಾಗದಲ್ಲಿ ಗೆರೆ ಹಾಕಿದ ಹಾಗೆ ಮಣಿಕಟ್ಟಿನವರೆಗೆ ಇಸುಬು ಇದ್ದರೆ ಗ್ಲೌಸಿನ ಮೇಲೆ ಅನುಮಾನ ಪಡಿ. ರಬ್ಬರನ್ನು ಗಟ್ಟಿ ಮಾಡಲು ಹಾಕುವ ಥಯುರಾಮ್ ಅನ್ನುವ ಗುಂಪಿನ ರಾಸಾಯನಿಕ ಇದಕ್ಕೆ ಹೆಸರುವಾಸಿ. ಅಂಥವರಿಗೆ ವಿನೈಲ್ ಗ್ಲೌಸು, ಅಥವಾ ಆ ರಾಸಾಯನಿಕ ಇಲ್ಲದೆ ತಯಾರಾದ ನೈಟ್ರೈಲ್ ಹೊಂದುತ್ತದೆ.

ಇನ್ನೊಂದು ಮೀಥೈಲ್‌ಐಸೋಥಯಾಜೋಲಿನೋನ್. ಹೆಸರು ಬಾಯಿಗೆ ಬರುವುದಿಲ್ಲ, ಪರವಾಗಿಲ್ಲ, ಲೇಬಲ್ಲಿನಲ್ಲಿ ಇದೆಯಾ ಅಂತ ಯಾರಿಂದಾದರೂ ಓದಿಸಿ. ಲಿಕ್ವಿಡ್ ಸೋಪು, ಕ್ಲೀನರ್ ಕೆಡದಂತೆ ಇದನ್ನು ಹಾಕುತ್ತಾರೆ. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಯೂರೋಪಿನವರು ಇದನ್ನು 2017ರಿಂದ ನಿಲ್ಲಿಸಿದ್ದಾರೆ, ಅಷ್ಟು ಜನರಿಗೆ ಅಲರ್ಜಿ ಆಗಿತ್ತು.

ಗ್ಲೌಸ್ ಹಾಕಿದ ಹತ್ತಿಪ್ಪತ್ತು ನಿಮಿಷದಲ್ಲೇ ಪಿತ್ತದ ಗಂಧೆಯ ಹಾಗೆ ದಡಿಕೆ ಎದ್ದು, ಮೂಗು ಕಣ್ಣು ತುರಿಸಿದರೆ ಅದು ಲೇಟೆಕ್ಸ್ ಅಲರ್ಜಿ ಇರಬಹುದು. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಂಥವರು ಲೇಟೆಕ್ಸ್ ಪೂರ್ತಿ ಬಿಡಬೇಕು.

ಅಲರ್ಜಿ ಗೊತ್ತಾಗಲು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿಗೆ ಚಿಕ್ಕ ಚಿಕ್ಕ ಬಟ್ಟಲಿನಂಥ ಪಟ್ಟಿ ಅಂಟಿಸಿ, 2 ದಿನ ಬಿಟ್ಟು ತೆಗೆದು ನೋಡುತ್ತಾರೆ, 4ನೇ ದಿನ ಮತ್ತೊಮ್ಮೆ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಬೆನ್ನು ನೆನೆಯಬಾರದು, ಬೆವರಬಾರದು. ಹಾಗಾಗಿ ರಜೆ ನೋಡಿಕೊಂಡು ಮಾಡಿಸಿ.

ಹಂತ 8: ಇಎಸ್‌ಐ ಕಾರ್ಡ್ ಹೊರಗೆ ತೆಗೆಯಿರಿ

ಕಾಂಟ್ರ್ಯಾಕ್ಟ್ ಕಂಪನಿಯ ಮೂಲಕ ಕೆಲಸ ಮಾಡುವ ಹೌಸ್‌ಕೀಪಿಂಗ್‌ನವರಲ್ಲಿ ಬಹಳ ಜನರ ಸಂಬಳದಿಂದ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, 0.75% ಕಟ್ಟಾಗುತ್ತದೆ, ಕಂಪನಿ 3.25% ಹಾಕುತ್ತದೆ. 2019ರ ಜುಲೈಯಿಂದ ಲೆಕ್ಕ ಹೀಗಿದೆ. ಆದರೆ ಕಾರ್ಡ್ ಎಲ್ಲಿದೆ ಅಂತ ಕೇಳಿದರೆ ಟ್ರಂಕಿನ ತಳದಲ್ಲಿ ಇರುತ್ತದೆ. ಪೇ ಸ್ಲಿಪ್ ನೋಡಿ, ನಂಬರ್ ಬರೆದಿಟ್ಟುಕೊಳ್ಳಿ. ರಾಜಾಜಿನಗರ, ಪೀಣ್ಯ, ಇಂದಿರಾನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಮೊದಲು ನಿಮಗೆ ಗೊತ್ತುಮಾಡಿದ ಡಿಸ್ಪೆನ್ಸರಿಗೆ ಹೋದರೆ ಅಲ್ಲಿಂದ ಚೀಟಿ ಕೊಡುತ್ತಾರೆ.

ಡಾಕ್ಟರ್ ರಜೆ ಬರೆದರೆ, ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಆಗಿದ್ದವರಿಗೆ ಸಂಬಳದ 70% ಕಾಯಿಲೆ ಭತ್ಯೆ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. 1948ರ ಇಎಸ್‌ಐ ಕಾಯ್ದೆಯ ಮೂರನೇ ಪಟ್ಟಿಯಲ್ಲಿ ಕೆಲಸದಿಂದ ಬರುವ ಚರ್ಮರೋಗವೂ ಇತ್ತು. ಹಾಗಾಗಿ ಇದು ಕೆಲಸದಿಂದಲೇ ಬಂದದ್ದು ಅಂತ ಡಾಕ್ಟರು ಚೀಟಿಯಲ್ಲಿ ಬರೆಯಲಿ. ಕೇಳಿ ಬರೆಸಿಕೊಳ್ಳಿ, ನಾಚಿಕೆ ಬೇಡ.

ಮನೆಕೆಲಸದವರಿಗೆ ಈ ಆಸರೆ ಇಲ್ಲ. ನನಗೆ ತುಂಬ ನೋವಾಗುವ ವಿಷಯ ಇದು. ಅದೇ ನೀರು, ಅದೇ ಸೋಪು, ಅದೇ ಕೈ. ಅವರ ಮಟ್ಟಿಗೆ ಮನೆ ಯಜಮಾನರೇ ಗ್ಲೌಸು, ಜೆಲ್ಲಿ, ಎರಡು ವಾರ ಸಂಬಳ ಸಹಿತ ಬಿಡುವು ಕೊಡಬೇಕು. ಓದುತ್ತಿರುವವರ ಮನೆಗೆ ಯಾರಾದರೂ ಕೆಲಸಕ್ಕೆ ಬರುತ್ತಿದ್ದರೆ, ನಾಳೆ ಬೆಳಗ್ಗೆ ಅವರ ಬೆರಳ ಸಂದಿ ಒಮ್ಮೆ ನೋಡಿ.

ಹಂತ 9: ವಾಸಿಯಾದ ಮೇಲಿನ ತಿಂಗಳುಗಳು

ತುಂಬ ಜನ ಎಡವುವುದು ಇಲ್ಲಿ. ಕೆಂಪು ಹೋಯಿತು, ಬಿರುಕು ಮುಚ್ಚಿತು, ಗ್ಲೌಸ್ ಮೂಲೆಗೆ ಬಿತ್ತು. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಮೇಲೆ ಚೆನ್ನಾಗಿ ಕಂಡರೂ ಚರ್ಮದ ಕಾವಲು ಮೊದಲಿನ ಹಾಗೆ ಆಗಲು ಇನ್ನೂ 4-5 ತಿಂಗಳು ಬೇಕು. ಅಷ್ಟು ದಿನ ಜೆಲ್ಲಿ ಬಿಡಬೇಡಿ, ಗ್ಲೌಸ್ ಬಿಡಬೇಡಿ, ಟಾಯ್ಲೆಟ್ ರೌಂಡನ್ನು ಬೇರೆಯವರ ಜೊತೆ ಹಂಚಿಕೊಳ್ಳಿ.

ಆ ಅಕ್ಕನನ್ನು ನಾವು ಆರು ವಾರ ಡಸ್ಟಿಂಗ್ ಮತ್ತು ಮೀಟಿಂಗ್ ರೂಮ್ ಕೆಲಸಕ್ಕೆ ಹಾಕಿದೆವು. ಆಮೇಲೆ ದಿನಕ್ಕೆ ಒಂದು ಟಾಯ್ಲೆಟ್ ರೌಂಡು, ತಿಂಗಳ ನಂತರ ಎರಡು. ಮನೆಯಲ್ಲಿ ಪಾತ್ರೆಯನ್ನು ಮಗ ವಹಿಸಿಕೊಂಡ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಸೂಪರ್‌ವೈಸರುಗಳಿಗೆ, ಕಾಂಟ್ರ್ಯಾಕ್ಟರುಗಳಿಗೆ

ಮೇಲಿನ ಅರ್ಧ ಕೆಲಸ ಕೈ ಒಡೆದವರ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಗ್ಲೌಸನ್ನು ಒಂದೇ ಸೈಜಿನಲ್ಲಿ ತರಿಸಬೇಡಿ. ನಮ್ಮ ಹೆಂಗಸರಲ್ಲಿ ಬಹಳ ಜನರ ಕೈಗೆ ಸ್ಮಾಲ್ ಬೇಕು, ಸ್ಟೋರಿನಲ್ಲಿ ಇರುವುದು ಲಾರ್ಜ್. ದೊಡ್ಡ ಗ್ಲೌಸ್ ಜಾರುತ್ತದೆ, ನೀರು ಒಳಗೆ ಬರುತ್ತದೆ, ಅವರು ತೆಗೆದಿಡುತ್ತಾರೆ, ಆಮೇಲೆ "ಕೊಟ್ಟರೂ ಹಾಕಲ್ಲ" ಅಂತ ನಾವೇ ಬೈಯುತ್ತೇವೆ. ಹರಿದದ್ದನ್ನು ತಂದುಕೊಟ್ಟರೆ ಪ್ರಶ್ನೆ ಕೇಳದೆ ಹೊಸದು ಕೊಡಿ, ತಿಂಗಳಿಗೊಂದು ಜೊತೆ ಅನ್ನುವ ಲೆಕ್ಕ ಬಿಡಿ. ಹಿಂಡುವ ಬಕೆಟ್‌ನ ಸ್ಪ್ರಿಂಗ್ ಮುರಿದರೆ ಅದೇ ವಾರ ರಿಪೇರಿ ಮಾಡಿಸಿ. ದೊಡ್ಡ ಪೆಟ್ರೋಲಿಯಂ ಜೆಲ್ಲಿ ಡಬ್ಬಿ, ಪಕ್ಕದಲ್ಲಿ ತೆಗೆದುಕೊಳ್ಳಲು ಶುಚಿಯಾದ ಒಂದು ಚಮಚ, ಸೈನ್ ಮಾಡುವ ಜಾಗದಲ್ಲೇ ಇರಲಿ.

ಬೆರಳಚ್ಚು ಬೀಳದವರ ಹಾಜರಿ ಕತ್ತರಿಸಬೇಡಿ. ಮುಖ ನೋಡುವ ಮೆಷಿನ್ ಇದ್ದರೆ ಅದಕ್ಕೆ ಸೇರಿಸಿ, ಇಲ್ಲದಿದ್ದರೆ ಕಾರ್ಡ್ ಕೊಡಿ. ಮತ್ತೆ ಯಾರ ಬೆರಳಿಗೆ ಮೆಷಿನ್ ಕೆಂಪು ದೀಪ ತೋರಿಸಿತು ಅಂತ ಬರೆದಿಡಿ. ಆವತ್ತೇ ಅವರನ್ನು ಪಕ್ಕಕ್ಕೆ ಕರೆದು, ಬೆಳಕಿಗೆ ಹಿಡಿದು, ಎರಡೂ ಕೈ ನೋಡಿ.